ಒಳಗೆ ಉದ್ರಿಕ್ತ ಸ್ಥಿತಿ

ಕಾಲೇಜಿನ ಭೌತಶಾಸ್ತ್ರ ವಿಭಾಗದ ಕಟ್ಟಕಡೆಯ ಕೋಣೆಗೆ ಕಿಟಕಿಯೇ ಇಲ್ಲ ಎಂದು ಎಲ್ಲರೂ ತಿಳಿದಿದ್ದರು. ಕಿಟಕಿ ಇತ್ತು. ದೀಪದಕ್ಕ ಅದನ್ನು ಕಿಟಕಿಯಾಗಿರಲು ಬಿಟ್ಟಿರಲಿಲ್ಲ, ಅಷ್ಟೆ. ಮೂರು ಪದರ ಕಪ್ಪು ಬಟ್ಟೆ, ಅದರ ಮೇಲೆ ರಟ್ಟು, ರಟ್ಟಿನ ಅಂಚಿಗೆಲ್ಲ ಅಂಟುಪಟ್ಟಿ. ಇಷ್ಟಾದರೂ ಎಲ್ಲಿಂದಲೋ ಬೆಳಕಿನ ಒಂದು ಎಳೆ ನುಸುಳಿ ಬಂದರೆ, ಹಾಲಿನ ಪಾತ್ರೆಗೆ ಬಾಯಿಟ್ಟ ಬೆಕ್ಕನ್ನು ಓಡಿಸುವ ಹಾಗೆ ಓಡಿಸುತ್ತಿದ್ದಳು. ಸೂರಿನಲ್ಲಿದ್ದ ಬಲ್ಬನ್ನೂ ಎಂದೋ ಬಿಚ್ಚಿ ಕಪಾಟಿನಲ್ಲಿಟ್ಟಿದ್ದಳು. "ಕತ್ತಲೆ ಕೋಣೆಗೆ ಬಲ್ಬು ಯಾಕೆ, ಬೋಳುತಲೆಗೆ ಬಾಚಣಿಗೆ ಯಾಕೆ" ಅನ್ನುವುದು ಅವಳ ವಾದ.

ಅವಳಿಗೆ ಬೇರೆ ಹೆಸರಿತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಅಟೆಂಡರ್ ಆಗಿ ಸೇರಿ ಮೂವತ್ತೊಂದು ವರ್ಷ. ಸೋಡಿಯಂ ದೀಪ, ಪಾದರಸದ ದೀಪ, ಹೈಡ್ರೋಜನ್ ಕೊಳವೆ, ಎಲ್ಲವನ್ನೂ ಒರೆಸಿ, ಹಚ್ಚಿ, ಆರಿಸಿ, ಮಲಗಿಸಿ ಬರುವವಳು. ಹಾಗಾಗಿ ದೀಪದಕ್ಕ. ಪ್ರಿನ್ಸಿಪಾಲರು ಅವಳಿಗಿಂತ ಹತ್ತು ವರ್ಷ ಕಿರಿಯರು, ಅವರೂ ದೀಪದಕ್ಕ ಅಂತಲೇ ಕರೆಯುತ್ತಿದ್ದರು.

ಅವಳು ಓದಿದ್ದು ಏಳನೇ ತರಗತಿ. ಆದರೆ ಹಳೇ ಮೇಷ್ಟ್ರು ನಿವೃತ್ತರಾಗುವ ತನಕ ವರ್ಷಕ್ಕೆ ಮೂರು ಸಲ ಅದೇ ಕತ್ತಲೆಯಲ್ಲಿ ಅದೇ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಬದಲಾದರು, ಮೇಷ್ಟ್ರ ಕನ್ನಡಕ ದಪ್ಪವಾಯಿತು, ಪಾಠ ಮಾತ್ರ ಹಾಗೇ ಇತ್ತು. ಪರದೆಯ ಹಿಂದೆ ಸ್ವಿಚ್ಚು ಹಿಡಿದು ನಿಂತ ದೀಪದಕ್ಕನ ಕಿವಿಯಲ್ಲಿ ಅದು ಹನಿ ಹನಿಯಾಗಿ ಬಿದ್ದು ಹೆಪ್ಪುಗಟ್ಟಿತು.

"ಪರಮಾಣು ಅಂದರೆ ಒಂದು ಮಹಡಿ ಮನೆ ಅಂದುಕೊಳ್ಳಿ. ಎಲೆಕ್ಟ್ರಾನು ಅದರ ಬಾಡಿಗೆದಾರ. ಒಂದನೇ ಮಹಡಿಯಲ್ಲಿರಬಹುದು, ಎರಡನೆಯದರಲ್ಲಿರಬಹುದು. ನಡುವೆ ನಿಲ್ಲುವ ಹಾಗಿಲ್ಲ. ಹೊರಗಿನಿಂದ ಸರಿಯಾದ ಅಳತೆಯ ಶಕ್ತಿ ಕೊಟ್ಟರೆ ಮೇಲಕ್ಕೆ ಜಿಗಿಯುತ್ತದೆ. ಅದು ಉದ್ರಿಕ್ತ ಸ್ಥಿತಿ. ಆದರೆ ಅಲ್ಲಿ ಬಾಳುವುದಿಲ್ಲ. ಕೆಳಗೆ ಬೀಳುತ್ತದೆ. ಬೀಳುವಾಗ, ಎರಡು ಮಹಡಿಗಳ ನಡುವೆ ಎಷ್ಟು ವ್ಯತ್ಯಾಸವೋ ಅಷ್ಟೇ ಶಕ್ತಿಯನ್ನು ಬೆಳಕಾಗಿ ಹಿಂದಿರುಗಿಸುತ್ತದೆ. ಎಷ್ಟು ಎತ್ತರದಿಂದ ಬೀಳುತ್ತದೋ ಅದಕ್ಕೆ ತಕ್ಕ ಬಣ್ಣ."

ಉದ್ರಿಕ್ತ ಸ್ಥಿತಿ. ಆ ಮಾತು ದೀಪದಕ್ಕನಿಗೆ ತುಂಬ ಹಿಡಿಸಿತ್ತು. ಮೇಷ್ಟ್ರ ಜಾಗಕ್ಕೆ ಬಂದ ಈಗಿನ ಮೇಡಂ 'ಎಕ್ಸೈಟೆಡ್ ಸ್ಟೇಟ್' ಅನ್ನುತ್ತಿದ್ದರು. ಅವರು ಒಳ್ಳೆಯವರೇ. ಆದರೆ ಆ ಮಾತು ಕೇಳಿದಾಗಲೆಲ್ಲ ದೀಪದಕ್ಕನಿಗೆ ಯಾರೋ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದಂತಾಗುತ್ತಿತ್ತು. ಹಾಗೆ ನೋಡಿದರೆ ದೀಪದಕ್ಕ ಪತ್ರಿಕೆ ಓದುವವಳಲ್ಲ. ಉದ್ರಿಕ್ತ ಅನ್ನುವ ಪದವನ್ನು ಮೇಷ್ಟ್ರ ಬಾಯಿಯ ಹೊರತು ಇನ್ನೆಲ್ಲೂ ಅವಳು ಕೇಳಿರಲಿಲ್ಲ. ಮುಂದೆ ಆದ ಎಡವಟ್ಟಿಗೆಲ್ಲ ಮೂಲ ಇದೇ.

ಅವಳ ಗಂಡನ ಕೆಲಸವೂ ಮಹಡಿಗಳದೇ. ಏಳು ಮಹಡಿಯ ಒಂದು ಹಳೆಯ ಕಚೇರಿ ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದರು. ಸ್ಟೂಲಿನ ಮೇಲೆ ಕೂತು ಹಿತ್ತಾಳೆಯ ಹಿಡಿಕೆ ತಿರುಗಿಸುವ ಕೆಲಸ. ದಿನಕ್ಕೆ ನೂರಿಪ್ಪತ್ತು ಸಲ ಮೇಲೆ, ನೂರಿಪ್ಪತ್ತು ಸಲ ಕೆಳಗೆ. "ಜೀವನದಲ್ಲಿ ಇಷ್ಟು ಮೇಲೆ ಹೋದೋನು ಬೇರೆ ಯಾರಿದಾನೆ ತೋರಿಸು" ಅನ್ನುತ್ತಿದ್ದರು. "ಅಷ್ಟೇ ಸಲ ಕೆಳಗೂ ಬಂದಿದೀರಲ್ಲ" ಅನ್ನುತ್ತಿದ್ದಳು ದೀಪದಕ್ಕ. ಅಷ್ಟರಲ್ಲಿ ಆ ದಿನದ ದಾಂಪತ್ಯ ಮುಗಿಯುತ್ತಿತ್ತು, ಇಬ್ಬರೂ ತೃಪ್ತರಾಗಿ ಮಲಗುತ್ತಿದ್ದರು.

ಅವರಿಬ್ಬರ ನಡುವೆ ನಿಜವಾದ ಜಗಳ ಆಗಿದ್ದು ಒಂದೇ ಸಲ. ಅದೂ ಎಲೆಕ್ಟ್ರಾನಿನ ದೆಸೆಯಿಂದ.

ಒಂದು ದಿನ ಲಿಫ್ಟು ಮೂರನೇ ಮಹಡಿಗೂ ನಾಲ್ಕಕ್ಕೂ ನಡುವೆ ಸಿಕ್ಕಿಕೊಂಡಿತು. ಒಳಗೆ ಇವರು ಮತ್ತು ಇವರ ಊಟದ ಡಬ್ಬಿ. ಎರಡು ಗಂಟೆ. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಏನೇ, ನಡುವೆ ಯಾವುದೂ ನಿಲ್ಲೋದಿಲ್ಲ ಅಂತ ಮೂವತ್ತು ವರ್ಷದಿಂದ ಹೇಳ್ತಾ ಬಂದಿದೀಯಲ್ಲ. ನಾನು ಇವತ್ತು ನಡುವೆನೇ ಕೂತು ಊಟ ಮಾಡಿ ಬಂದೆ. ಈಗೇನಂತೀಯ?"

"ನೀವು ಎಲೆಕ್ಟ್ರಾನಲ್ಲ ರೀ. ತೊಂಬತ್ತು ಕಿಲೋ ಇದೀರಿ."

"ಮಾತು ಬದಲಾಯಿಸಬೇಡ. ನಡುವೆ ಇದೆಯೋ ಇಲ್ವೋ?"

"ಇಲ್ಲ."

"ಹಾಗಾದ್ರೆ ನಿನ್ನ ಮೇಷ್ಟ್ರು ಸುಳ್ಳುಬುರುಕ."

ಮೇಷ್ಟ್ರ ಸುದ್ದಿಗೆ ಬಂದದ್ದು ಅತಿಯಾಯಿತು. ದೀಪದಕ್ಕ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಅಕ್ಕನ ಮನೆಗೆ ಹೊರಟೇಬಿಟ್ಟಳು. ಬಾಗಿಲಲ್ಲಿ ನಿಂತು ತಿರುಗಿ ಹೇಳಿದಳು: "ಎಲೆಕ್ಟ್ರಾನಿಗೆ ಶಕ್ತಿ ಅತಿಯಾದ್ರೆ ಮಹಡಿ ಹತ್ತೋದಿಲ್ಲ, ಮನೆ ಬಿಟ್ಟೇ ಹೋಗುತ್ತೆ. ಹಿಂದೆ ಉಳಿಯುತ್ತಲ್ಲ, ಅದಕ್ಕೆ ಅಯಾನು ಅಂತಾರೆ. ನಾನು ಹೊರಟೆ. ನೀವೀಗ ಅಯಾನು. ಇರಿ ಒಬ್ಬರೇ."

ಮರುದಿನ ಲಿಫ್ಟಿನಲ್ಲಿ ಯಾರು ಹೇಗಿದ್ದೀರಿ ಅಂತ ಕೇಳಿದರೂ ಅವರು "ನಾನೀಗ ಅಯಾನು" ಅನ್ನುತ್ತಿದ್ದರು. ಐದನೇ ಮಹಡಿಯ ಗುಮಾಸ್ತರು "ಅದಕ್ಕೆ ಖಾಲಿ ಹೊಟ್ಟೇಲಿ ಬಿಸಿನೀರು ಕುಡೀರಿ, ನಮ್ಮ ಚಿಕ್ಕಪ್ಪನಿಗೂ ಆಗಿತ್ತು" ಅಂದರು. ಮೂರನೇ ದಿನ ಸಂಜೆ ಗಂಡ ಆ ಅಕ್ಕನ ಮನೆಯ ಬಾಗಿಲಲ್ಲಿ ಬಂದು ನಿಂತು, ಒಳಗೆ ಇಣುಕಿ, "ಅಯಾನು ಬಂದಿದೆ, ಬಾರೇ" ಅಂದರು. ಇಬ್ಬರೂ ನಡೆದುಕೊಂಡೇ ಮನೆಗೆ ಬಂದರು. ಕಳಚಿಹೋದ ಎಲೆಕ್ಟ್ರಾನು ಮರಳಿ ಮನೆ ಸೇರುವಾಗಲೂ ಬೆಳಕು ಹೊಮ್ಮುತ್ತದೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಅವಳು ಹೊಸ್ತಿಲು ದಾಟುವಾಗ ಮನೆ ಬೆಳಗಿತು. ಗಂಡ ಸ್ವಿಚ್ಚು ಒತ್ತಿದ್ದು ನಿಜ. ಆದರೂ.

ಜಗಳ ಮುಗಿಯಿತು, ವಾದ ಮುಗಿಯಲಿಲ್ಲ. "ಒಂದು ದಿನ ಬಂದು ನಿಮ್ಮ ಕಣ್ಣಾರೆ ನೋಡಿ" ಅಂತ ಇವಳು ಕರೆಯುತ್ತಲೇ ಇದ್ದಳು. ಒಮ್ಮೆ ಬಂದಿದ್ದರು ಕೂಡ. ಅರ್ಧ ನಿಮಿಷ ಉಪಕರಣದ ದುರ್ಬೀನಿಗೆ ಕಣ್ಣಿಟ್ಟು, "ಕತ್ತಲೆ ಚೆನ್ನಾಗಿದೆ" ಅಂತ ಹೊರಟುಹೋದರು.

ಅವರು ನೋಡದೆ ಹೋದದ್ದು ನಾಲ್ಕನೇ ಗೆರೆ. ಹೈಡ್ರೋಜನ್ನಿನ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ದುರ್ಬೀನಿನಲ್ಲಿ ನೋಡಿದರೆ ಅದು ಬಿಡಿ ಬಿಡಿ ಗೆರೆಗಳಾಗಿ ಒಡೆಯುತ್ತದೆ. ಮೊದಲು ಕೆಂಪು. ಆಮೇಲೆ ಹಸಿರಿನ ಛಾಯೆಯ ನೀಲಿ. ಆಮೇಲೆ ನೇರಳೆ. ಅದರಾಚೆ ಇನ್ನೊಂದು ನೇರಳೆ, ನಾಚಿಕೆ ಸ್ವಭಾವದ್ದು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲೆರಡೇ ಕಾಣುವುದು. ಹತ್ತು ನಿಮಿಷ ಕತ್ತಲೆಯಲ್ಲಿ ಸುಮ್ಮನೆ ಕೂತರೆ ಮೂರನೆಯದು ಸ್ಪಷ್ಟವಾಗುತ್ತದೆ. ಇನ್ನೂ ಕೂತರೆ ನಾಲ್ಕನೆಯದು, ಬಾಗಿಲ ಮರೆಯಿಂದ ಇಣುಕುವ ಹೊಸ ಸೊಸೆಯ ಹಾಗೆ, ಇದೆಯೋ ಇಲ್ಲವೋ ಅನ್ನುವಂತೆ ಬಂದು ನಿಲ್ಲುತ್ತದೆ. ಮೂವತ್ತೊಂದು ವರ್ಷದಲ್ಲಿ ಅದನ್ನು ದೀಪದಕ್ಕ ಸಾವಿರ ಸಲವಾದರೂ ನೋಡಿರಬೇಕು. ಪ್ರತಿ ಸಲವೂ ಅವಳ ಎದೆಯಲ್ಲಿ ಏನೋ ಒಂದು ಮೆಟ್ಟಿಲು ಮೇಲೆ ಹೋಗಿ, ಕೆಳಗೆ ಬರುತ್ತಿತ್ತು.

ಇಂಥ ಕೋಣೆಯ ಮೇಲೆ ಪ್ರಿನ್ಸಿಪಾಲರ ಕಣ್ಣು ಬಿತ್ತು. ಕಾಲೇಜಿನಲ್ಲಿ ಮುರಿದ ಕುರ್ಚಿಗಳು ಇನ್ನೂರ ನಲವತ್ತು ಇದ್ದವು, ಎಲ್ಲವೂ ವರಾಂಡದಲ್ಲಿ ಒಂದರ ಮೇಲೊಂದು ಕಾಲು ಚಾಚಿ ಮಲಗಿದ್ದವು. "ದೀಪದಕ್ಕ, ತಪಾಸಣೆ ಸಮಿತಿ ಬರ್ತಿದೆ. ಪುಸ್ತಕದಲ್ಲಿ ಇರೋ ಹಾಗೆ ನಾಲ್ಕೂ ಗೆರೆ ಕಂಡ್ರೆ ಕತ್ತಲೆ ಕೋಣೆ ಉಳಿಯುತ್ತೆ. ಕಾಣದಿದ್ರೆ ಉಪಕರಣ ಹಳೇದಾಗಿದೆ ಅಂತ ಬರೀತಾರೆ. ಆಗ ಕುರ್ಚಿಗಳಿಗೆ ಒಂದು ನೆಲೆ ಆಗುತ್ತೆ. ನೀವು ಆಫೀಸಿಗೆ ಬನ್ನಿ, ಲಕೋಟೆ ಅಂಟಿಸೋ ಕೆಲಸ ಇದೆ. ಕಿಟಕಿ ಪಕ್ಕ ಒಳ್ಳೆ ಬೆಳಕಿರೋ ಜಾಗ ಕೊಡ್ತೀನಿ."

ಒಳ್ಳೆ ಬೆಳಕು! ದೀಪದಕ್ಕನಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಎರಡು ವರ್ಷ ಅವಳು ಬೇಡಿದ್ದು ಕತ್ತಲೆಯನ್ನು, ಅದರ ಮೂಲೆಯಲ್ಲಿ ಬರುವ ಒಂದು ಗೆರೆಯನ್ನು.

ತಪಾಸಣೆಯ ದಿನ ಬೆಳಗ್ಗೆ ಕೊಳವೆಯನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿದಳು. ಅದು ಹಳೇ ಕೊಳವೆ. ಅರ್ಧ ನಿಮಿಷ ಉರಿಸಿದರೆ ಒಂದು ನಿಮಿಷ ವಿಶ್ರಾಂತಿ ಕೊಡಬೇಕು. ನಡುವೆ ಯಾರಾದರೂ ಬಾಗಿಲು ತೆರೆದರೆ ಎಲ್ಲರ ಕಣ್ಣೂ ಕೆಡುತ್ತದೆ. ಹಾಗಾಗಿ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ನೇತುಹಾಕಿದಳು:

ಎಚ್ಚರಿಕೆ. ಒಳಗೆ ಉದ್ರಿಕ್ತ ಸ್ಥಿತಿ. ಯಾರೂ ಬರಬೇಡಿ.

ಸಮಿತಿಯಲ್ಲಿ ಮೂವರು. ಅಧ್ಯಕ್ಷೆ ದಪ್ಪ ಕನ್ನಡಕದ ಹೆಂಗಸು, ಕೈಯಲ್ಲಿ ಕಡತ. ಉಳಿದಿಬ್ಬರು ಅವರು ತಲೆಯಾಡಿಸಿದಾಗ ತಲೆಯಾಡಿಸುವವರು. ಒಳಗೆ ಬಂದ ಕೂಡಲೇ ಒಬ್ಬರು ಸ್ಟೂಲಿಗೆ ಎಡವಿ "ಅಯ್ಯಯ್ಯೋ, ನನ್ನ ಕಾಲು!" ಅಂದರು. ಪಾಠದ ಮೇಡಂ ಗಾಬರಿಯಲ್ಲಿ ಗಟ್ಟಿಯಾಗಿ ವಿವರಿಸತೊಡಗಿದರು: "ಐದು ಸಾವಿರ ವೋಲ್ಟ್ ಕೊಡ್ತೀವಿ! ಮೂರರಿಂದ ಬಿದ್ದಾಗ ಕೆಂಪು! ಆರರಿಂದ ಬಿದ್ದಾಗ ನೇರಳೆ!"

ಇದೇ ಹೊತ್ತಿಗೆ, ಸಮಿತಿಯವರ ಸಹಿ ಬಿಟ್ಟುಹೋಗಿದೆಯೆಂದು ಗೇಟಿನ ಪುಸ್ತಕ ಹಿಡಿದು ಕಾವಲುಗಾರ ಬಾಗಿಲ ಬಳಿ ಬಂದ. ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನ ತನಕ ಬಿಡದೆ ಓದುವ ಮನುಷ್ಯ. ಉದ್ರಿಕ್ತ ಗುಂಪು, ಉದ್ರಿಕ್ತ ಜನ, ಉದ್ರಿಕ್ತ ಪರಿಸ್ಥಿತಿ. ಆ ಪದ ಬಂದ ಕಡೆ ಮುಂದಿನ ಸಾಲಿನಲ್ಲಿ ಕಲ್ಲು ತೂರಾಟ ಇದ್ದೇ ಇರುತ್ತದೆ ಎಂಬುದು ಅವನಿಗೆ ಗೊತ್ತು. ಫಲಕ ಓದಿದ. ಕಿವಿಯಿಟ್ಟ. ಒಳಗಿನಿಂದ ನನ್ನ ಕಾಲು, ಸಾವಿರ ವೋಲ್ಟ್, ಮೂರರಿಂದ ಬಿದ್ದಾಗ ಕೆಂಪು, ಆರರಿಂದ ಬಿದ್ದಾಗ ನೇರಳೆ. ಅವನ ಕೈಯ ಪುಸ್ತಕ ನೆಲಕ್ಕೆ ಬಿತ್ತು. ಓಡಿಹೋಗಿ ಪೊಲೀಸರಿಗೆ ಫೋನ್ ಮಾಡಿದ. "ಸಾರ್, ಉದ್ರಿಕ್ತ ಸ್ಥಿತಿ! ಕರೆಂಟು ಕೊಟ್ಟು ಮಹಡಿಯಿಂದ ಬೀಳಿಸ್ತಿದಾರೆ! ಆರನೇ ಮಹಡಿಯಿಂದ ಬಿದ್ದೋರು ನೇರಳೆ ಆಗಿದಾರೆ!"

ಕಾಲೇಜಿಗೆ ಇದ್ದದ್ದು ಎರಡೇ ಮಹಡಿ. ಆದರೆ ಅಷ್ಟು ಯೋಚಿಸುವ ಹೊತ್ತು ಅದಲ್ಲ.

ಒಳಗೆ ಅಧ್ಯಕ್ಷೆ ದುರ್ಬೀನಿಗೆ ಕಣ್ಣಿಟ್ಟು, ತೆಗೆದು, ಮೊಬೈಲಿನ ಬೆಳಕಿನಲ್ಲಿ ಬರೆದುಕೊಂಡರು. "ಒಂದು ಕೆಂಪು. ಒಂದು ನೀಲಿ. ಎರಡೇ."

"ಕಣ್ಣು ಒಗ್ಗಬೇಕು ಮೇಡಂ" ಅಂದಳು ದೀಪದಕ್ಕ. "ಆ ಮೊಬೈಲು ಆರಿಸಿ ಹತ್ತೇ ಹತ್ತು ನಿಮಿಷ ಕೂತ್ರೆ…"

"ಹತ್ತು ನಿಮಿಷ? ನಾವಿನ್ನೂ ಗ್ರಂಥಾಲಯ ನೋಡಬೇಕು, ಶೌಚಾಲಯ ನೋಡಬೇಕು. ಏಳಿ, ಹೋಗೋಣ."

ಮೂವರೂ ಎದ್ದರು. ದೀಪದಕ್ಕನ ಕಣ್ಣ ಮುಂದೆ ಇನ್ನೂರ ನಲವತ್ತು ಕುರ್ಚಿಗಳು ಮೆರವಣಿಗೆ ಹೊರಟವು.

ಆಗ ಬಾಗಿಲು ದಢಾರನೆ ತೆರೆಯಿತು. ಹೆಲ್ಮೆಟ್ಟು, ಲಾಠಿ, ಟಾರ್ಚು. ಒಬ್ಬ ಇನ್‌ಸ್ಪೆಕ್ಟರು, ಹಿಂದೆ ಒಬ್ಬ ಪೇದೆ. "ಯಾರೂ ಕದಲಬಾರದು! ವಿಚಾರಣೆ ಮುಗಿಯೋ ತನಕ ಒಬ್ಬರೂ ಹೊರಗೆ ಹೋಗೋ ಹಾಗಿಲ್ಲ! ಬಾಗಿಲು ಹಾಕ್ರೀ!" ಪೇದೆ ಬಾಗಿಲು ಹಾಕಿ ಅಗಳಿಯನ್ನೂ ಇಳಿಸಿದ.

"ಟಾರ್ಚು ಆರಿಸಿ!"

ಕೂಗಿದ್ದು ದೀಪದಕ್ಕ. ಮೂವತ್ತೊಂದು ವರ್ಷದಲ್ಲಿ ಯಾರ ಮೇಲೂ ಎತ್ತಿರದ ದನಿ. ಇನ್‌ಸ್ಪೆಕ್ಟರು ಟಾರ್ಚು ಆರಿಸಿಬಿಟ್ಟ. ಯಾಕೆ ಆರಿಸಿದೆ ಅಂತ ಆಮೇಲೆ ಅವನಿಗೇ ಹೊಳೆಯಲಿಲ್ಲ. ಚಿಕ್ಕಂದಿನಲ್ಲಿ ಅವನ ಅಮ್ಮ ಅದೇ ದನಿಯಲ್ಲಿ ಕೂಗುತ್ತಿದ್ದಳೋ ಏನೋ.

"ಸರಿ… ಲೈಟು ಹಾಕಿ" ಅಂದ.

"ಈ ಕೋಣೆಗೆ ಲೈಟಿಲ್ಲ ಸಾರ್."

ಕತ್ತಲೆಯಲ್ಲಿ ಏಳು ಜನ ಉಸಿರಾಡುವುದು ಕೇಳಿಸುತ್ತಿತ್ತು.

"ಬಾಗಿಲಿನ ಬೋರ್ಡು ಬರೆದೋರು ಯಾರು?"

"ನಾನೇ ಸಾರ್."

"ಇಲ್ಲಿ ಉದ್ರಿಕ್ತರಾಗಿರೋರು ಯಾರು?"

"ಹೈಡ್ರೋಜನ್ನು ಸಾರ್."

"ಪೂರ್ತಿ ಹೆಸರು ಹೇಳಿ."

"ಅಷ್ಟೇ ಸಾರ್. ಅದಕ್ಕೆ ಮನೆತನದ ಹೆಸರಿಲ್ಲ."

"ಈಗ ಎಲ್ಲಿದಾನೆ?"

"ಕೊಳವೆ ಒಳಗೆ."

"ಚರಂಡಿ ಕೊಳವೆನಾ?" ಅಂದ ಪೇದೆ. "ಇಳಿದು ನೋಡ್ಲಾ ಸಾರ್?"

"ಸುಮ್ನಿರಯ್ಯ. ಅಮ್ಮಾ, ಅವನ ಜೊತೆ ಎಷ್ಟು ಜನ ಇದಾರೆ?"

"ಒಂದು ಹೈಡ್ರೋಜನ್ನಿಗೆ ಒಂದೇ ಎಲೆಕ್ಟ್ರಾನು ಸಾರ್."

"ಒಬ್ಬನೇ ಇಷ್ಟು ಗಲಾಟೆ ಮಾಡ್ತಾನಾ? ಮಹಡಿಯಿಂದ ಬಿದ್ದೋರು ಯಾರು?"

"ಅದೇ ಸಾರ್. ಬೀಳದಿದ್ರೆ ಬೆಳಕೇ ಇಲ್ಲವಲ್ಲ."

"ಗಾಯ?"

"ಗಾಯ ಆಗಲ್ಲ. ಬಣ್ಣ ಆಗುತ್ತೆ."

ಇನ್‌ಸ್ಪೆಕ್ಟರು ಸ್ಟೂಲು ತಡಕಿ ಕೂತ. "ಎಲ್ಲರೂ ಕೂತ್ಕೊಳ್ಳಿ. ಅಮ್ಮಾ, ಮೊದಲಿಂದ ಹೇಳಿ. ಒಂದೂ ಬಿಡಬೇಡಿ."

ಅಧ್ಯಕ್ಷೆಯ ಮೊಬೈಲು ಬೆಳಗಿತು. "ಮಿಸ್ಟರ್, ನಾವು ಸಮಿತಿಯವರು…"

"ಆರಿಸ್ರೀ ಅದನ್ನ!" ಅಂದ ಇನ್‌ಸ್ಪೆಕ್ಟರು. ಆರಿತು.

ದೀಪದಕ್ಕ ಸೆರಗು ಸರಿಮಾಡಿಕೊಂಡಳು, ಯಾರಿಗೂ ಕಾಣದಿದ್ದರೂ. ಮೇಷ್ಟ್ರ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಗಂಡನ ಲಿಫ್ಟು.

"ನಮ್ಮನೆಯವರು ಲಿಫ್ಟು ನಡೆಸ್ತಾರೆ ಸಾರ್. ಹೈಡ್ರೋಜನ್ನೂ ಅಂಥದೇ ಒಂದು ಕಟ್ಟಡ. ಆದ್ರೆ ಅದರ ಮಹಡಿಗಳು ಒಂದೇ ಸಮ ಇಲ್ಲ. ಒಂದರಿಂದ ಎರಡಕ್ಕೆ ಭಾರೀ ಎತ್ತರ. ಮೇಲೆ ಹೋದ ಹಾಗೆ ಗಿಡ್ಡ, ಇನ್ನೂ ಗಿಡ್ಡ. ಕಟ್ಟಿದೋನಿಗೆ ಸಿಮೆಂಟು ಮುಗೀತಾ ಬಂದಿರಬೇಕು."

"ಹೂಂ" ಅಂದ ಪೇದೆ. ಅವನ ಮನೆಯೂ ಹಾಗೇ ಇತ್ತು.

"ಕರೆಂಟು ಕೊಟ್ಟಾಗ ಎಲೆಕ್ಟ್ರಾನು ಮೇಲೆ ಹೋಗುತ್ತೆ. ಮೂರಕ್ಕೆ, ಇಲ್ಲ ನಾಲ್ಕಕ್ಕೆ, ಐದಕ್ಕೆ, ಆರಕ್ಕೆ. ಅದೇ ಉದ್ರಿಕ್ತ ಸ್ಥಿತಿ. ಅಲ್ಲಿ ಯಾರೂ ಕಲ್ಲು ಹೊಡೆಯಲ್ಲ ಸಾರ್. ಪಾಪ, ಹೆಚ್ಚು ಹೊತ್ತು ನಿಲ್ಲೋಕೂ ಆಗಲ್ಲ. ಸೆಕೆಂಡಿನಲ್ಲಿ ಹತ್ತು ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದೆರಡು ಪಾಲು ಹೊತ್ತು, ಅಷ್ಟೆ. ಆಮೇಲೆ ಬೀಳುತ್ತೆ."

"ಎಲ್ಲಿಗೆ?"

"ನಮ್ಮ ಕಣ್ಣಿಗೆ ಕಾಣೋವೆಲ್ಲ ಎರಡನೇ ಮಹಡಿಗೆ ಬೀಳೋವು."

"ಎರಡಕ್ಕೇ ಯಾಕೆ?" ಕೇಳಿದ್ದು ಅಧ್ಯಕ್ಷೆ. ದನಿಯಲ್ಲಿ ಕಡತ ಇರಲಿಲ್ಲ.

"ಎರಡನೇ ಮಹಡೀಲಿ ಕ್ಯಾಂಟೀನಿದೆ ಅಂದ್ಕೊಳ್ಳಿ ಮೇಡಂ. ಒಂದಕ್ಕೆ ಬೀಳೋವೂ ಇವೆ. ಅದು ತುಂಬ ಎತ್ತರದಿಂದ ಬೀಳೋದು, ಆ ಬೆಳಕು ನಮ್ಮ ಕಣ್ಣಿಗೆ ನಿಲುಕೋದಿಲ್ಲ. ಎರಡಕ್ಕೆ ಬಿದ್ದಾಗ ಮಾತ್ರ ನಮಗೆ ಸುದ್ದಿ ಬರುತ್ತೆ. ಮೂರರಿಂದ ಎರಡಕ್ಕೆ ಬೀಳೋದು ಸ್ವಲ್ಪವೇ, ಕೆಂಪು. ನಾಲ್ಕರಿಂದ ಬಿದ್ರೆ ನೀಲಿ. ಐದರಿಂದ ನೇರಳೆ. ಆರರಿಂದ ಬೀಳೋದು ಕೊನೇದು. ಅದು… ಅದನ್ನ ಹೇಳೋಕೆ ಬರಲ್ಲ. ನೋಡಬೇಕು."

ಪೇದೆಗೆ ಅನುಮಾನ. ನಡುವೆ ಲಿಫ್ಟು ಕೆಟ್ಟರೆ? ದೀಪದಕ್ಕ ಗಂಡನ ಎರಡು ಗಂಟೆಯ ಕತೆ ಹೇಳಿದಳು. ಅಯಾನಿನ ಕತೆ ಹೇಳಿದಳು. ಸಮಿತಿಯಲ್ಲಿ ತಲೆಯಾಡಿಸುವ ಒಬ್ಬರು ಕತ್ತಲೆಯಲ್ಲಿ ಕಿಸಕ್ಕೆಂದು ನಕ್ಕರು. ಅವರು ಸ್ವಂತವಾಗಿ ಮಾಡಿದ ಮೊದಲ ಸದ್ದು ಅದು. ಇನ್‌ಸ್ಪೆಕ್ಟರ ಹೆಂಡತಿ ತವರಿಗೆ ಹೋಗಿ ಎಂಟು ದಿನವಾಗಿತ್ತು. ಅವನು ಸ್ಟೂಲನ್ನು ದೀಪದಕ್ಕನ ದನಿಯ ಕಡೆಗೆ ಎಳೆದುಕೊಂಡು, "ಹಾಗಾದ್ರೆ ಅಯಾನೇ ಹೋಗಿ ಕರೀಬೇಕು ಅಂತೀರಾ?" ಅಂದ.

"ಕರೆದ್ರೆ ಬರುತ್ತೆ ಸಾರ್."

ಹೀಗೆ ಕಾಲು ಗಂಟೆಯ ಮೇಲಾಯಿತು. ಯಾರಿಗೂ ತಿಳಿಯದಂತೆ ಕತ್ತಲೆ ತನ್ನ ಕೆಲಸ ಮಾಡುತ್ತಿತ್ತು. ಏಳು ಜೊತೆ ಕಣ್ಣುಗಳಲ್ಲಿ ಏಳು ಜೊತೆ ಬಾಗಿಲುಗಳು ಮೆಲ್ಲಗೆ ತೆರೆದುಕೊಳ್ಳುತ್ತಿದ್ದವು.

"ಆರೋಪೀನ ತೋರಿಸಿ" ಅಂದ ಇನ್‌ಸ್ಪೆಕ್ಟರು.

ದೀಪದಕ್ಕ ಸ್ವಿಚ್ಚು ಒತ್ತಿದಳು. ಕೊಳವೆ ಗುಲಾಬಿಯಾಗಿ ಎಚ್ಚರಾಯಿತು. ಇನ್‌ಸ್ಪೆಕ್ಟರು ದುರ್ಬೀನಿಗೆ ಕಣ್ಣಿಟ್ಟು, ಸಾಲಾಗಿ ನಿಲ್ಲಿಸಿದವರನ್ನು ಎಣಿಸುವ ಹಾಗೆ ಎಣಿಸಿದ. "ಒಂದು. ಎರಡು. ಮೂರು… ತಡೀರಿ. ನಾಲ್ಕು! ನಾಲ್ಕನೆಯವನು ಮೂಲೇಲಿ ಅವಿತ್ಕೊಂಡಿದಾನೆ!"

"ನಾಲ್ಕು?" ಅಧ್ಯಕ್ಷೆ ಅವನನ್ನು ಭುಜದಿಂದ ತಳ್ಳಿಯೇ ಕಣ್ಣಿಟ್ಟರು. ಅರ್ಧ ನಿಮಿಷ ಮುಗಿಯಿತು. ದೀಪದಕ್ಕ ನಿಯಮದಂತೆ ಆರಿಸಿದಳು. ಕತ್ತಲೆಯಲ್ಲಿ ಅಧ್ಯಕ್ಷೆಯ ದನಿ ಸಣ್ಣ ಹುಡುಗಿಯದಾಗಿತ್ತು.

"ಇನ್ನೊಂದು ಸಲ ಹಚ್ತೀರಾ?"

"ಒಂದು ನಿಮಿಷ ಕಾಯಬೇಕು ಮೇಡಂ."

"ಕಾಯ್ತೀನಿ."

ಗ್ರಂಥಾಲಯವನ್ನೂ ಶೌಚಾಲಯವನ್ನೂ ಆ ವರ್ಷ ಯಾರೂ ತಪಾಸಣೆ ಮಾಡಲಿಲ್ಲ. ಕಡತದಲ್ಲಿ 'ನಾಲ್ಕು ಗೆರೆ, ಸ್ವತಃ ಕಂಡಿದ್ದೇವೆ' ಎಂದು ಮೂವರ ಸಹಿ ಬಿತ್ತು. ಕುರ್ಚಿಗಳು ವರಾಂಡದಲ್ಲೇ ಉಳಿದವು. ಠಾಣೆಯ ದಾಖಲೆಯಲ್ಲಿ ಇನ್‌ಸ್ಪೆಕ್ಟರು ಹೀಗೆ ಬರೆದ: 'ಉದ್ರಿಕ್ತ ಸ್ಥಿತಿಯು ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಅವಧಿಯಲ್ಲಿ ತಾನಾಗಿಯೇ ತಿಳಿಯಾಗಿದೆ. ಬಲಪ್ರಯೋಗದ ಅಗತ್ಯ ಬೀಳಲಿಲ್ಲ.' ಬರೆದು ಮುಗಿಸಿ, ಎರಡು ದಿನ ರಜೆ ಹಾಕಿ, ಹೆಂಡತಿಯ ತವರಿಗೆ ಹೊರಟ.

ಪ್ರಿನ್ಸಿಪಾಲರ ಅಪ್ಪಣೆಯಂತೆ ಫಲಕ ಮಾತ್ರ ಬದಲಾಯಿತು. 'ಒಳಗೆ ಹೈಡ್ರೋಜನ್ ಖುಷಿಯಲ್ಲಿದೆ. ದಯವಿಟ್ಟು ಬಾಗಿಲು ತೆರೆಯಬೇಡಿ.' ಕಾವಲುಗಾರ ಅದನ್ನು ಎರಡು ಸಲ ಓದಿ, ಯಾರದೋ ಮದುವೆ ಗೊತ್ತಾಗಿರಬೇಕು ಅಂದುಕೊಂಡ.

ಮುಂದಿನ ರಜೆಯ ದಿನ ದೀಪದಕ್ಕನ ಗಂಡ ತಾವಾಗಿಯೇ ಬಂದರು. ಅಷ್ಟರಲ್ಲಿ ಈ ಕತೆಯನ್ನು ಅವರು ಏಳೂ ಮಹಡಿಗೆ ಹೇಳಿ ಮುಗಿಸಿದ್ದರು. ಮೇಲೆ ಹೋಗುವಾಗ ಅರ್ಧ, ಕೆಳಗೆ ಬರುವಾಗ ಇನ್ನರ್ಧ. ದೀಪದಕ್ಕ ಅವರನ್ನು ಕತ್ತಲೆಯಲ್ಲಿ ಕೂರಿಸಿದಳು. ಐದನೇ ನಿಮಿಷಕ್ಕೆ ಗೊರಕೆ ಕೇಳಿಸಿತು. ಇಪ್ಪತ್ತನೇ ನಿಮಿಷಕ್ಕೆ ತಿವಿದು ಎಬ್ಬಿಸಿ, ಸ್ವಿಚ್ಚು ಒತ್ತಿ, ತಲೆಯನ್ನು ಹಿಡಿದು ದುರ್ಬೀನಿನ ಮುಂದಿಟ್ಟಳು.

"ಕಾಣ್ತಾ?"

"ತಡಿಯೇ… ಕೆಂಪು. ನೀಲಿ. ನೇರಳೆ." ಅವರ ಕೈ ಕತ್ತಲೆಯಲ್ಲಿ ತಡಕಿ ಅವಳ ಕೈ ಹಿಡಿಯಿತು. "ಬಂತು ಕಣೇ. ಆ ಮೂಲೇಲಿ."

ಅವಳ ಎದೆಯೊಳಗಿನದು ಒಂದು ಮೆಟ್ಟಿಲು ಹತ್ತಿ ಇಳಿಯಿತು.

"ನಡುವೆ ಏನಿದೆ ಹೇಳಿ ಈಗ" ಅಂದಳು.

ಅವರು ಪ್ರಾಮಾಣಿಕರು. ಕೆಂಪಿಗೂ ನೀಲಿಗೂ ನಡುವೆ ಹುಡುಕಿದರು, ನೀಲಿಗೂ ನೇರಳೆಗೂ ನಡುವೆ ಹುಡುಕಿದರು. ಬರೀ ಕತ್ತಲೆ.

"ಏನೂ ಇಲ್ಲ" ಎಂದು ಒಪ್ಪಿಕೊಂಡರು. ಆಮೇಲೆ ದುರ್ಬೀನಿನಿಂದ ಕಣ್ಣು ತೆಗೆದು, ನಿಜವಾದ ಕಳವಳದಿಂದ ಕೇಳಿದರು:

"ಹಾಗಾದ್ರೆ ಅವತ್ತು ಎರಡು ಗಂಟೆ ನಾನು ಎಲ್ಲಿದ್ದೆ ಕಣೇ?"